ನಮಗೆಷ್ಟು ನಿದ್ರೆ ಬೇಕು?

ಮನುಷ್ಯನ ಆಯುಸ್ಸಿನಲ್ಲಿ ಸುಮಾರು ಮೂರರಲ್ಲೊಂದು ಭಾಗ ನಿದ್ರೆಗೆ ಸಲ್ಲುತ್ತದೆ. ಇದನ್ನು ನಷ್ಟವೆಂದೆಣಿಸುವವರುಂಟು, ಪರೀಕ್ಷೆಯ ದಿನಗಳಲ್ಲಂತೂ ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಬಹುಮಂದಿ ಈ ಪಕ್ಷದವರೇ. ಪ್ರಾಚೀನರು ಹಾಗೆಣಿಸಲಿಲ್ಲ. ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಮೂರೂ ಶರೀರದ ಉಪಸ್ತಂಭಗಳೆಂದು ಚರಕಸಂಹಿತೆ ಹೇಳುತ್ತದೆ.

ಹಾಗಾದರೆ ಎಷ್ಟು ಹೊತ್ತು ಮಲಗಬೇಕು? ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಶನ್ 2015ರಲ್ಲಿ ಪ್ರಕಟಿಸಿದ ಸಲಹೆಯಂತೆ ನವಜಾತ ಶಿಶುವಿಗೆ 14ರಿಂದ 17 ಗಂಟೆ, 14ರಿಂದ 17 ವಯಸ್ಸಿನವರಿಗೆ 8ರಿಂದ 10, ನಮ್ಮಂತಹ ತರುಣರಿಗೂ ನಮ್ಮ ಅಧ್ಯಾಪಕರಿಗೂ 7ರಿಂದ 9, ಅರವತ್ತೈದು ದಾಟಿದವರಿಗೆ 7ರಿಂದ 8 ಗಂಟೆ ಬೇಕು. ಮುದುಕರಿಗೆ ನಿದ್ರೆಯೇ ಬೇಡವೆಂಬ ಮಾತು ಸರಿಯಲ್ಲ. ಅವರಿಗೆ ಅದು ತುಂಡುತುಂಡಾಗಿ ಬರುತ್ತದೆ, ಅಷ್ಟೆ.

ಆದರೆ ಗಂಟೆಯ ಲೆಕ್ಕದಿಂದಲೇ ವಿಷಯ ಮುಗಿಯಲಿಲ್ಲ. ಯಾವ ಹೊತ್ತಿನಲ್ಲಿ ನಿದ್ರಿಸುತ್ತೇವೆಂಬುದೂ ಮುಖ್ಯ. ನಮ್ಮ ಅತ್ತಿಬೆಲೆಯಂತಹ ಊರಿಗೆ ಈ ಪ್ರಶ್ನೆ ಬಹಳ ಹತ್ತಿರದ್ದು. ಇಲ್ಲಿಯ ಕೈಗಾರಿಕಾ ಪ್ರದೇಶ, ಬೊಮ್ಮಸಂದ್ರ, ಜಿಗಣಿ, ಗಡಿಯಾಚೆಯ ಹೊಸೂರು, ಇವುಗಳ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು ನಮ್ಮ ಅಣ್ಣಂದಿರು, ನೆರೆಯವರು. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ ಎಂದು ಅನೇಕರ ಕೆಲಸ ತಿರುಗುತ್ತಿರುತ್ತದೆ.

ದೇಹವು ಹೀಗೆ ತಿರುಗೀತೇ? 1938ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದ ನಥಾನಿಯಲ್ ಕ್ಲೈಟ್‌ಮನ್ ಎಂಬ ಶರೀರಶಾಸ್ತ್ರಜ್ಞರು ತಮ್ಮ ಶಿಷ್ಯ ರಿಚರ್ಡ್‌ಸನ್ನರೊಡನೆ ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ 32 ದಿನ ವಾಸವಾಗಿದ್ದರು. ಸೂರ್ಯನ ಬೆಳಕೇ ಇಲ್ಲದ ಆ ಸ್ಥಳದಲ್ಲಿ ದಿನಕ್ಕೆ 28 ಗಂಟೆಯೆಂದು ಗೊತ್ತುಮಾಡಿಕೊಂಡು ಉಂಡರು, ಮಲಗಿದರು. ತರುಣನಾದ ಶಿಷ್ಯನ ದೇಹ ಹೊಸ ದಿನಕ್ಕೆ ಒಗ್ಗಿತು. ಗುರುಗಳ ದೇಹ ಮಾತ್ರ ಹಳೆಯ 24 ಗಂಟೆಯನ್ನು ಬಿಡಲೊಲ್ಲದೆ ಹೋಯಿತು! ನಮ್ಮೊಳಗೊಂದು ಗಡಿಯಾರವಿದೆ. ಬೆಳಕು ಅದನ್ನು ತಿದ್ದುತ್ತದೆ, ಆದರೆ ನಿಧಾನವಾಗಿ. ದಿನಕ್ಕೆ ಸುಮಾರು ಒಂದು ಗಂಟೆಯಷ್ಟು. ವಾರವಾರವೂ ಪಾಳಿ ಬದಲಾದರೆ ಅದು ಹೊಂದಿಕೊಳ್ಳುವಷ್ಟರಲ್ಲಿ ಮತ್ತೆ ಕೆಡುತ್ತದೆ. ಬೆಳಗಿನ ಪಾಳಿಯಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ ಸರಿಯುವ ಕ್ರಮ ಅದರ ಹಿಮ್ಮುಖ ಕ್ರಮಕ್ಕಿಂತ ದೇಹಕ್ಕೆ ಹಗುರ.

“ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ” ಎಂಬ ಗಾದೆಯನ್ನು ನಾನಿಲ್ಲಿ ಒಪ್ಪಲಾರೆ. ರಾತ್ರಿಪಾಳಿಯವರ ಹಗಲುನಿದ್ರೆ ಒಂದೆರಡು ಗಂಟೆ ಕಡಿಮೆಯಾಗುವುದು ಚಿಂತೆಯಿಂದಲ್ಲ. ಆ ಹೊತ್ತಿಗೆ ಮೈಯ ಕಾವು ಏರುತ್ತಿರುತ್ತದೆ, ಬೆಳಕು ಕಣ್ಣಿಗೆ ಬಿದ್ದಿರುತ್ತದೆ. ಮೇಲಾಗಿ ಮಿಕ್ಸಿ, ಟೀವಿ, ಬಾಗಿಲು ತಟ್ಟುವ ನೆಂಟರು! ಕಿಟಕಿಗೊಂದು ದಪ್ಪನೆಯ ಕಪ್ಪು ಪರದೆ ಕಟ್ಟುವುದು ದೊಡ್ಡ ಖರ್ಚಲ್ಲ.

ಇನ್ನೊಂದು ಮಾತು. ಸತತವಾಗಿ 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯಸಾರವಿರುವವನಷ್ಟೇ ಎಂದು 1997ರ ಆಸ್ಟ್ರೇಲಿಯದ ಪ್ರಯೋಗವೊಂದು ತೋರಿಸಿತು. ನಮ್ಮ ದೇಶದ ಮೋಟಾರು ಕಾನೂನು ಚಾಲಕನಿಗೆ ಒಪ್ಪುವ ಮಿತಿ 0.03 ಮಾತ್ರ. ಮಧ್ಯಾಹ್ನ ಎರಡಕ್ಕೆ ಎದ್ದು ರಾತ್ರಿಯೆಲ್ಲ ದುಡಿದವನಿಗೆ ಬೆಳಿಗ್ಗೆ ಏಳಕ್ಕೆ ಸರಿಯಾಗಿ 17 ಗಂಟೆ. ಆಗಲೇ ಅವನು ಲಾರಿಗಳ ನಡುವೆ ಹೊಸೂರು ರಸ್ತೆಯಲ್ಲಿ ಬೈಕು ಓಡಿಸುತ್ತಿರುತ್ತಾನೆ. ಕಾರ್ಖಾನೆಯಲ್ಲಿಯೇ ಅರ್ಧ ಗಂಟೆ ಒರಗಲು ಜಾಗವಿದ್ದರೆ ಒರಗಿ ಹೊರಡಲಿ. ಇಲ್ಲವಾದರೆ ಬಸ್ಸು ಹತ್ತುವುದೇ ಲೇಸು.