ಬಿದರಿ ಡಬ್ಬಿಗೆ ಬೆಲೆ ಕಟ್ಟುವುದು ಹೇಗೆ?

ಕರಕುಶಲ ವಸ್ತುಗಳನ್ನು ಆನ್‌ಲೈನ್‌ನಲ್ಲಿ ಮಾರಿದರೆ ದಲ್ಲಾಳಿಗಳ ಕಾಟ ತಪ್ಪುತ್ತದೆ, ಕುಶಲಕರ್ಮಿಗೆ ಹೆಚ್ಚು ಹಣ ಸಿಗುತ್ತದೆ ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಇದು ಅರ್ಧ ಸತ್ಯ ಮಾತ್ರ. ಬೆಲೆಯ ಲೆಕ್ಕ ತಪ್ಪಿದರೆ ಅಂಗಡಿಯಲ್ಲಿ ಆಗುವ ನಷ್ಟ ಮೊಬೈಲ್‌ನಲ್ಲೂ ಆಗುತ್ತದೆ. ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯಾದ ನಾನು ತರಗತಿಯಲ್ಲಿ ಕಲಿತ ವೆಚ್ಚದ ಲೆಕ್ಕವನ್ನು ನಮ್ಮ ಬೀದರ್‌ನ ಬಿದರಿ ಕಲೆಗೆ ಅನ್ವಯಿಸಿ ನೋಡಿದೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕೆಲಸ ಎಷ್ಟಿದೆ?

ಬಹಮನಿ ಸುಲ್ತಾನರ ಕಾಲದಿಂದ ಬೀದರ್‌ನಲ್ಲಿ ಬೆಳೆದು ಬಂದ ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆಯಿತು. ನಮ್ಮ ಊರಿನ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡುತ್ತಾರೆ. ಗೆರೆ ಕಾಣುವಂತೆ ಮೈಲುತುತ್ತದ ದ್ರಾವಣ ಸವರಿ, ಉಳಿಯಿಂದ ಚಿತ್ತಾರ ಕೊರೆದು, ಆ ಸಂದಿಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಬಿಸಿ ಮಾಡಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ.

ನನ್ನ ಚಿಕ್ಕಪ್ಪ ಈ ಕೆಲಸ ಮಾಡುವವರು. ಒಂದು ಡಬ್ಬಿಗೆ ಎಷ್ಟು ಖರ್ಚಾಯಿತು ಎಂದು ಕೇಳಿದರೆ ಸತು, ತಾಮ್ರ, ಬೆಳ್ಳಿಯ ಲೆಕ್ಕವನ್ನು ತಕ್ಷಣ ಹೇಳುತ್ತಾರೆ. ಅವರ ಮೂರು ದಿನಗಳ ದುಡಿಮೆ ಆ ಲೆಕ್ಕದಲ್ಲಿ ಇರುವುದೇ ಇಲ್ಲ. "ಅದು ಮನೆಯ ಕೆಲಸ ತಾನೇ?" ಎನ್ನುತ್ತಾರೆ. ನ್ಯಾಯವಾದ ಬೆಲೆ ಮೊದಲು ಕಳೆದುಹೋಗುವುದು ಇಲ್ಲಿಯೇ. ಬೇರೆಯವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಕೊಡಬೇಕಾದ ಕೂಲಿಯನ್ನು ತನಗೂ ಬರೆದುಕೊಳ್ಳಬೇಕು. ಅರ ಹಿಡಿದು ನಯ ಮಾಡುವ ಮನೆಯ ಹೆಣ್ಣುಮಕ್ಕಳ ಗಂಟೆಗಳನ್ನೂ ಸೇರಿಸಬೇಕು.

ಲೆಕ್ಕ ಮಾಡೋಣ

ಕೆಳಗಿನ ಅಂಕಿಗಳು ವಿಧಾನ ತಿಳಿಯಲು ಕೊಟ್ಟ ಉದಾಹರಣೆ ಮಾತ್ರ. ತೆರಿಗೆಯನ್ನು ಇದರಲ್ಲಿ ಸೇರಿಸಿಲ್ಲ.

ಬೆಳ್ಳಿ 500 ರೂ.
ಸತು, ತಾಮ್ರ, ಇದ್ದಿಲು 200 ರೂ.
ಕೂಲಿ: 3 ದಿನ × 600 = 1,800 ರೂ.
ಉಪಕರಣ, ವಿದ್ಯುತ್, ಬಾಡಿಗೆಯ ಪಾಲು 150 ರೂ.
ಪ್ಯಾಕಿಂಗ್ ಮತ್ತು ಸಾಗಾಟ 150 ರೂ.
ಒಟ್ಟು 2,800 ರೂ.

ಮಾರಾಟ ಬೆಲೆಯಲ್ಲಿ ಜಾಲತಾಣದ ಕಮಿಷನ್ 15%, ವಾಪಸ್ ಬರುವ ಸರಕಿನ ನಷ್ಟಕ್ಕೆ 5%, ಕುಶಲಕರ್ಮಿಯ ಉಳಿತಾಯಕ್ಕೆ 10% ಎಂದು ಇಟ್ಟುಕೊಳ್ಳೋಣ. ಒಟ್ಟು 30%. ಹಾಗಾದರೆ 2,800ಕ್ಕೆ 30% ಕೂಡಿಸಿ 3,640 ರೂ. ಎಂದು ಬರೆಯಬಹುದೇ? ಬಾರದು. ಕಮಿಷನ್ ಕತ್ತರಿಸುವುದು ವೆಚ್ಚದ ಮೇಲಲ್ಲ, ಮಾರಾಟ ಬೆಲೆಯ ಮೇಲೆ. 3,640ರಲ್ಲಿ 20% ಅಂದರೆ 728 ರೂ. ಹೋದರೆ ಉಳಿಯುವುದು 2,912. ವೆಚ್ಚ ಕಳೆದರೆ ಕೈಗೆ ಬರುವ ಉಳಿತಾಯ ಬರೀ 112 ರೂ.

ಸರಿಯಾದ ಕ್ರಮ ಭಾಗಾಕಾರ. ಬೆಲೆಯ 70% ಭಾಗ 2,800 ಆಗಬೇಕು. 2,800 ÷ 0.70 = 4,000 ರೂ. ಇದರಲ್ಲಿ 800 ರೂ. ಹೋದರೂ 3,200 ಉಳಿಯುತ್ತದೆ. ವೆಚ್ಚ ಕಳೆದು 400 ರೂ. ಕೈಯಲ್ಲಿರುತ್ತದೆ.

ಇನ್ನೊಂದು ಎಚ್ಚರಿಕೆ ಬೆಳ್ಳಿಯದು. ಬೆಳ್ಳಿಯ ದರ 40% ಏರಿದರೆ 500 ರೂ. ಖರ್ಚು 700 ಆಗುತ್ತದೆ. ಜಾಲತಾಣದಲ್ಲಿ ಹಳೆಯ ಬೆಲೆಯೇ ಇದ್ದರೆ ಆ 400ರ ಅರ್ಧ ಕರಗಿಹೋಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆಯಾದರೂ ಬೆಲೆಯನ್ನು ಪರಿಷ್ಕರಿಸಬೇಕು.

ಕೊಳ್ಳುವವರಿಗೆ ತಿಳಿಸಬೇಕಾದದ್ದು

4,000 ರೂ. ಏಕೆ ಎಂಬುದು ಗ್ರಾಹಕರಿಗೆ ಅರ್ಥವಾಗಬೇಕು. ಕಪ್ಪು ಬಣ್ಣ ಬಳಿದ ಅಗ್ಗದ ನಕಲು ಮತ್ತು ಅಸಲಿ ಬಿದರಿ ಫೋಟೊದಲ್ಲಿ ಒಂದೇ ರೀತಿ ಕಾಣಬಹುದು. ಹಗಲು ಬೆಳಕಿನಲ್ಲಿ ಹತ್ತಿರದಿಂದ ಚಿತ್ರ ತೆಗೆಯಿರಿ. ಕೆತ್ತನೆ ನಡೆಯುತ್ತಿರುವ ಒಂದು ಚಿತ್ರವನ್ನೂ ಹಾಕಿ. ಅಳತೆ, ತೂಕ, ಲೋಹಗಳ ವಿವರ, ತಗಲುವ ದಿನಗಳನ್ನು ಬರೆಯಿರಿ. ಕೈಕೆಲಸವಾದ್ದರಿಂದ ಒಂದಕ್ಕೊಂದು ಸ್ವಲ್ಪ ವ್ಯತ್ಯಾಸವಿರುತ್ತದೆ ಎಂದು ಮೊದಲೇ ತಿಳಿಸಿ. ಸತ್ಯವಾದ ವಿವರ ಕೊಟ್ಟರೆ ವಾಪಸ್ ಬರುವ ಸರಕು ಕಡಿಮೆಯಾಗುತ್ತದೆ.

ನಾವು ಹೇಗೆ ಸಹಾಯ ಮಾಡಬಹುದು?

ಖಾಸಗಿ ಜಾಲತಾಣಗಳಲ್ಲದೆ ಕೇಂದ್ರ ಜವಳಿ ಸಚಿವಾಲಯದ 'ಇಂಡಿಯಾ ಹ್ಯಾಂಡ್‌ಮೇಡ್' ತಾಣದಲ್ಲೂ ನೇಕಾರರು, ಕುಶಲಕರ್ಮಿಗಳು ನೇರವಾಗಿ ಮಾರಬಹುದು. ಸೇರುವ ಮುನ್ನ ಪ್ರತಿ ತಾಣದ ಷರತ್ತುಗಳನ್ನು ಓದಿ ಮನೆಯವರಿಗೆ ಬಿಡಿಸಿ ಹೇಳುವುದು ನಮ್ಮ ಕೆಲಸ. ಕಮಿಷನ್ ಎಷ್ಟು? ಹಣ ಎಷ್ಟು ದಿನಕ್ಕೆ ಬರುತ್ತದೆ? ಸರಕು ವಾಪಸ್ ಬಂದರೆ ಸಾಗಾಟದ ಖರ್ಚು ಯಾರದು? ರಿಯಾಯಿತಿ ಮಾರಾಟದಲ್ಲಿ ಇಳಿಸಿದ ಬೆಲೆಯ ಹೊರೆ ಯಾರ ಮೇಲೆ?

ಮುಖ್ಯವಾಗಿ ಖಾತೆ, ಮೊಬೈಲ್ ಸಂಖ್ಯೆ, ಬ್ಯಾಂಕ್ ವಿವರ ಎಲ್ಲವೂ ಕುಶಲಕರ್ಮಿಯ ಹೆಸರಿನಲ್ಲೇ ಇರಲಿ. ನಾವು ಫೋಟೊ ತೆಗೆಯಬಹುದು, ವಿವರ ಟೈಪ್ ಮಾಡಿಕೊಡಬಹುದು. ಖಾತೆಯೂ ನಮ್ಮ ಹೆಸರಿನಲ್ಲಿದ್ದರೆ ನಾವೇ ಹೊಸ ದಲ್ಲಾಳಿಗಳಾಗುತ್ತೇವೆ.

ಎಷ್ಟು ಗೌರವ ಸಿಕ್ಕರೂ ದಿನಗೂಲಿ ಗಿಟ್ಟದ ಕೆಲಸವನ್ನು ಮುಂದಿನ ಪೀಳಿಗೆ ಕಲಿಯುವುದಿಲ್ಲ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಕೈಕೆಲಸ ನಡೆಯುತ್ತಿದ್ದರೆ ಒಂದು ನೋಟುಪುಸ್ತಕ ಕೊಟ್ಟು, ದಿನವೂ ದುಡಿದ ಗಂಟೆಗಳನ್ನು ಬರೆದಿಡಲು ಹೇಳಿ. ಬೆಲೆ ಕಟ್ಟುವ ಕೆಲಸ ಆ ಪುಟದಿಂದಲೇ ಶುರುವಾಗಲಿ.