ಪ್ರಶ್ನೆ ಕೇಳುವುದು ಪಾಪವಲ್ಲ

ಪ್ರೀತಿಯ ತಂಗಿ,

ದೃಢೀಕರಣ ಸಂಸ್ಕಾರದ ದಿನ ಬಿಳಿ ಉಡುಪು, ಫೋಟೊ, ಊಟ. ಮರುವಾರದಿಂದ ನಿಮ್ಮ ಸಂಶಯಗಳನ್ನು ಆಲಿಸುವವರೇ ಇರಲಿಲ್ಲ ಎಂದು ಬರೆದಿದ್ದೀರಿ. ಓದಿ ಮನಸ್ಸು ನೊಂದಿತು. ತಪ್ಪು ನಿಮ್ಮದಲ್ಲ. ಧರ್ಮೋಪದೇಶ ಅಲ್ಲಿಗೆ ಮುಗಿಯಿತೆಂದು ಹಿರಿಯರು ಕೈಬಿಟ್ಟರು.

ಲೂಕನ ಶುಭಸಂದೇಶದಲ್ಲಿ 12 ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳುತ್ತಾರೆ. ನೀವೂ ಧೈರ್ಯವಾಗಿ ಕೇಳಿ. ಮಾರ್ಕನ ಶುಭಸಂದೇಶದಿಂದ ಆರಂಭಿಸಿ; ನಾಲ್ಕು ಶುಭಸಂದೇಶಗಳಲ್ಲಿ ಅದೇ ಅತಿ ಚಿಕ್ಕದು, 16 ಅಧ್ಯಾಯ. ದಿನಕ್ಕೊಂದು ಓದಿ, ಕಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದನ್ನು ಕೇಳಲು ಭಾನುವಾರದ ಪೂಜೆಯ ಗಡಿಬಿಡಿ ಬೇಡ. ವಾರದ ನಡುವೆ ಸಮಯ ಕೇಳಿಕೊಂಡು ಗುರುಗಳನ್ನೋ ನಿಮಗೆ ನಂಬಿಕೆಯಿರುವ ಸಿಸ್ಟರನ್ನೋ ಕಾಣಿ. ಮುಂದೆ ನಿಮ್ಮ ಚರ್ಚಿನ ಹದಿನಾರರ ಹುಡುಗಿಯೊಬ್ಬಳು ಇಂಥದ್ದೇ ಪ್ರಶ್ನೆ ತಂದಾಗ, ಪಕ್ಕದಲ್ಲಿ ಕುಳಿತು ಪೂರ್ತಿ ಕೇಳಿಸಿಕೊಳ್ಳಿ.