ಸಹಿಸುವುದು ಬೇರೆ, ಗಮನಿಸುವುದು ಬೇರೆ

ಸೊಂಟನೋವು ಬಂದವರಿಗೆ ನಮ್ಮಲ್ಲಿ ಸಲಹೆಗೆ ಬರವಿಲ್ಲ. ಮಹಾನಾರಾಯಣ ತೈಲ ಹಚ್ಚಿ, ಬಿಸಿನೀರಿನ ಶಾಖ ಕೊಡಿ, ನೆಲದ ಮೇಲೆ ಮಲಗಿ, ಬೆಲ್ಟ್ ಕಟ್ಟಿ ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಎಲ್ಲ ಮುಗಿದ ಮೇಲೆ ಉಳಿಯುವ ಸಲಹೆ ಒಂದೇ: ‘ಸ್ವಲ್ಪ ಸಹಿಸ್ಕೋಬೇಕು.’ ಪ್ರೌಢಶಾಲೆಯಲ್ಲಿ ಕರಿಹಲಗೆಯ ಮುಂದೆ ನಿಂತು ಪಾಠ ಹೇಳುತ್ತಿದ್ದ ನಾನು ಹಲವು ವರ್ಷ ಆ ಮಾತನ್ನು ಕೇಳಿದವಳು. ಆಮೇಲೆ ಒಂದು ಆಸ್ಪತ್ರೆಯ ನೋವು ಚಿಕಿತ್ಸಾ ವಿಭಾಗದಲ್ಲಿ ಮೈಂಡ್‌ಫುಲ್‌ನೆಸ್, ಅಂದರೆ ಇದ್ದದ್ದನ್ನು ಇದ್ದ ಹಾಗೆ ಗಮನಿಸುವ ಅಭ್ಯಾಸ ಕಲಿತೆ. ನೋವು ಪೂರ್ತಿ ಹೋಗಿಲ್ಲ. ಆದರೆ ಅದು ಕಿತ್ತುಕೊಂಡಿದ್ದ ಬದುಕಿನ ದೊಡ್ಡ ಪಾಲು ಮರಳಿ ಕೈಗೆ ಬಂದಿದೆ. ದಿನವೂ ನೋವಿನೊಂದಿಗೇ ಏಳುವವರಿಗೆ ಉಪಯೋಗವಾಗಲಿ ಎಂದು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವರದಿಯ ಭಯ

3 ತಿಂಗಳು ಮೀರಿ ಉಳಿದ ನೋವನ್ನು ವೈದ್ಯರು ದೀರ್ಘಕಾಲಿಕ ನೋವು ಎನ್ನುತ್ತಾರೆ. ಗಾಯ ಮಾಯುವಷ್ಟು ಕಾಲ ಕಳೆದ ಮೇಲೂ ನರಮಂಡಲ ಎಚ್ಚರಿಕೆ ಕೊಡುತ್ತಲೇ ಇರುವುದು ಇದರಲ್ಲಿ ಸಾಮಾನ್ಯ. ನನ್ನ ಎಂಆರ್‌ಐ ವರದಿಯಲ್ಲಿ ಡಿಸ್ಕ್ ಸವೆದಿದೆ ಎಂದು ಓದಿದ ದಿನದಿಂದ ನನಗೆ ಬಗ್ಗುವುದಕ್ಕೇ ಹೆದರಿಕೆಯಾಗಿತ್ತು. 2015ರಲ್ಲಿ ಪ್ರಕಟವಾದ ಒಂದು ವಿಮರ್ಶಾ ಅಧ್ಯಯನದ ವಿಷಯವನ್ನು ವೈದ್ಯರು ಹೇಳಿದಾಗ ಆ ಭಯ ಎಷ್ಟೋ ಇಳಿಯಿತು. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದಾಗ 20ರ ವಯಸ್ಸಿನವರಲ್ಲಿ ಶೇ 37, 80ರ ವಯಸ್ಸಿನವರಲ್ಲಿ ಶೇ 96 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ಅಂದರೆ ಸವೆತ ಕಂಡ ಮಾತ್ರಕ್ಕೆ ನೋವು ಇರಲೇಬೇಕೆಂದಿಲ್ಲ. ಎಷ್ಟು ಸವೆತವೋ ಅಷ್ಟೇ ನೋವು ಎಂಬ ಲೆಕ್ಕವೂ ಇಲ್ಲ.

ಹಾಗೆಂದು ನೋವು ಮನಸ್ಸಿನ ಕಲ್ಪನೆಯಲ್ಲ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆ ಕೂಡ ನೋವನ್ನು ಸಂವೇದನೆ, ಭಾವನೆ ಎರಡೂ ಕೂಡಿದ ಅನುಭವವೆಂದೇ ಗುರುತಿಸುತ್ತದೆ. ನೋವು ನಿಜ. ಭಯ, ನಿದ್ದೆಗೇಡು, ಒಂಟಿತನ ಅದನ್ನು ಹೆಚ್ಚಿಸುವುದೂ ಅಷ್ಟೇ ನಿಜ. ಮೈಂಡ್‌ಫುಲ್‌ನೆಸ್ ಕೈಹಾಕುವುದು ಈ ಎರಡನೆಯದಕ್ಕೆ.

ಚಾಪೆಯ ಮೇಲಿನ ಪಾಠ

ಈ ಪದ್ಧತಿಯನ್ನು ಆಸ್ಪತ್ರೆಯೊಳಗೆ ತಂದವರು ಅಮೆರಿಕದ ಜಾನ್ ಕಬಟ್-ಜಿನ್. ಆಣ್ವಿಕ ಜೀವಶಾಸ್ತ್ರ ಓದಿದವರು, ಬೌದ್ಧ ಧ್ಯಾನ ಮತ್ತು ಯೋಗ ಕಲಿತವರು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಅವರು ಕ್ಲಿನಿಕ್ ತೆರೆದಾಗ, ಚಿಕಿತ್ಸೆಯಿಂದ ಸಾಕಷ್ಟು ಗುಣ ಕಾಣದ ನೋವಿನ ರೋಗಿಗಳನ್ನು ವೈದ್ಯರು ಅಲ್ಲಿಗೆ ಕಳಿಸುತ್ತಿದ್ದರು. ಅದೇ ಎಂಬಿಎಸ್‌ಆರ್ ಎಂಬ 8 ವಾರಗಳ ತರಬೇತಿಯಾಗಿ ಬೆಳೆಯಿತು: ವಾರಕ್ಕೊಮ್ಮೆ ಗುಂಪಿನಲ್ಲಿ ಕಲಿಕೆ, ಮನೆಯಲ್ಲಿ ದಿನವೂ ಸುಮಾರು 45 ನಿಮಿಷ ಅಭ್ಯಾಸ, ಜೊತೆಗೆ ಮೆಲ್ಲನೆಯ ಆಸನಗಳು.

ನಾನು ಮೊದಲು ಕಲಿತದ್ದು ಬಾಡಿ ಸ್ಕ್ಯಾನ್. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲ ಕೆಳಗೆ ದಿಂಬಿಟ್ಟು, ಎಡಗಾಲಿನ ಬೆರಳುಗಳಿಂದ ಶುರುಮಾಡಿ ದೇಹದ ಒಂದೊಂದು ಭಾಗಕ್ಕೂ ಗಮನ ಕೊಡುತ್ತ ಮೇಲೆ ಬರಬೇಕು. ಬೆಚ್ಚಗಿದೆಯೇ, ಜುಮ್ಮೆನ್ನುತ್ತಿದೆಯೇ, ಏನೂ ತಿಳಿಯುತ್ತಿಲ್ಲವೇ? ಇದ್ದದ್ದನ್ನು ಇದ್ದ ಹಾಗೆ ನೋಡುವುದಷ್ಟೇ ಕೆಲಸ. ಮನಸ್ಸು ಅಡುಗೆಮನೆಗೋ ನಾಳೆಯ ಬಸ್ಸಿಗೋ ಓಡಿದರೆ ಬೈಯದೆ ಮತ್ತೆ ಕರೆತರಬೇಕು. ಮೊದಲ ಕೆಲವು ವಾರ ನೋವೇ ಎದ್ದು ಕಾಣುತ್ತಿತ್ತು, ಬೇಸರವೂ ಬರುತ್ತಿತ್ತು. ಇದು ಬಹುಮಂದಿಗೆ ಆಗುವಂಥದ್ದು ಎಂದು ಕಲಿಸುವವರು ಮೊದಲೇ ಹೇಳಿದ್ದರಿಂದ ಬಿಡಲಿಲ್ಲ.

ನಿಧಾನಕ್ಕೆ ತಿಳಿದದ್ದು ಇಷ್ಟು. ‘ನೋವು’ ಎಂದು ಒಂದೇ ಮಾತಿನಲ್ಲಿ ಕರೆಯುತ್ತಿದ್ದುದರಲ್ಲಿ ಸೆಳೆತ, ಉರಿ, ಬಿಗಿತ ಬೇರೆ ಬೇರೆಯಾಗಿದ್ದವು. ಉರಿ ಏರುತ್ತಿತ್ತು, ಇಳಿಯುತ್ತಿತ್ತು. ಸೆಳೆತ ಸೊಂಟದಿಂದ ತೊಡೆಗೆ ಜಾರಿ ಮತ್ತೆ ಹಿಂದಕ್ಕೆ ಬರುತ್ತಿತ್ತು. ಇಡೀ ದಿನ ಒಂದೇ ಸಮನೆ ನೋವು ಎಂದು ನಾನು ನಂಬಿದ್ದ ದಿನಗಳಲ್ಲೂ ಬಿಡುವುಗಳಿದ್ದವು. ಸೊಂಟ ಸೆಳೆದಾಗ ದವಡೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು, ಭುಜ ಕಿವಿಯತ್ತ ಏರುತ್ತಿದ್ದುದೂ ಆಗಲೇ ಗೊತ್ತಾದದ್ದು. ಇವುಗಳ ಬೆನ್ನಿಗೇ ಯೋಚನೆಗಳು: ಮುಂದಿನ ತಿಂಗಳ ಮದುವೆಗೆ ಹೋಗಲಾಗುತ್ತದೆಯೇ? ಹಾಸಿಗೆ ಹಿಡಿದರೆ ಮಕ್ಕಳಿಗೆ ಹೊರೆಯಾಗುವೆನೇ?

ಎರಡನೆಯ ಬಾಣ

ಪಾಲಿ ತ್ರಿಪಿಟಕದ ಸಂಯುತ್ತ ನಿಕಾಯದಲ್ಲಿ ಸಲ್ಲತ್ತ ಸುತ್ತವೆಂಬ ಬುದ್ಧನ ಬೋಧೆಯಿದೆ. ದೇಹಕ್ಕೆ ನಾಟುವ ನೋವು ಮೊದಲ ಬಾಣ. ಅದಕ್ಕೆ ಮನಸ್ಸು ಗೋಳಾಡಿ ಸೇರಿಸಿಕೊಳ್ಳುವ ದುಃಖ ಎರಡನೆಯ ಬಾಣ. ತಿಳಿದವನಿಗೂ ಮೊದಲ ಬಾಣ ತಗಲುತ್ತದೆ, ಎರಡನೆಯದು ತಗಲುವುದಿಲ್ಲ ಎಂಬುದು ಅದರ ಸಾರ. ಚಾಪೆಯ ಮೇಲೆ ನನಗೆ ಕಂಡದ್ದು ಇದೇ. ಸೆಳೆತ ನನ್ನ ಕೈಯಲ್ಲಿಲ್ಲ. ಕಚ್ಚಿದ ದವಡೆಯನ್ನು ಸಡಿಲಿಸುವುದು, ಉಸಿರನ್ನು ಬಿಡುವುದು, ‘ಇದು ಯೋಚನೆ, ಇನ್ನೂ ನಡೆದಿಲ್ಲ’ ಎಂದು ಗುರುತಿಸುವುದು ನನ್ನ ಕೈಯಲ್ಲಿದೆ.

ಸಹನೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು, ಮುಖ್ಯವಾಗಿ ಹೆಣ್ಣುಮಕ್ಕಳು, ತಿಳಿಯಬೇಕು. ಸಹಿಸುವಾಗ ನಾವು ನೋವಿನಿಂದ ಮುಖ ತಿರುಗಿಸಿ, ಹಲ್ಲು ಕಚ್ಚಿ ಕೆಲಸ ಮುಂದುವರಿಸುತ್ತೇವೆ. ಗಮನಿಸುವಾಗ ನೋವಿನ ಕಡೆಗೇ ತಿರುಗಿ, ದೇಹ ಏನು ಕೇಳುತ್ತಿದೆ ಎಂದು ನೋಡುತ್ತೇವೆ. ಎಷ್ಟೋ ಸಲ ಅದು ಕೇಳುವುದು ಹತ್ತು ನಿಮಿಷದ ವಿಶ್ರಾಂತಿಯನ್ನು. ಸಹನೆ ಆ ಹತ್ತು ನಿಮಿಷವನ್ನು ಕೊಡುವುದಿಲ್ಲ; ಗಮನ ಕೊಡುತ್ತದೆ.

ಒಳ್ಳೆಯ ದಿನದಲ್ಲಿ ಎಚ್ಚರ

ದಿನಚರಿಯನ್ನು ಬದಲಿಸಿದ ಪಾಠ ವಿದ್ಯಾಮಾಲಾ ಬರ್ಚ್ ಅವರದು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡು, ಮುಂದೆ ಕಾರು ಅಪಘಾತಕ್ಕೂ ಸಿಕ್ಕಿ, ದೀರ್ಘಕಾಲ ನೋವಿನೊಂದಿಗೇ ಬದುಕಿದವರು. ಇಂಗ್ಲೆಂಡಿನಲ್ಲಿ ಬ್ರೆತ್‌ವರ್ಕ್ಸ್ ಎಂಬ ಸಂಸ್ಥೆ ಕಟ್ಟಿದವರು. ಧ್ಯಾನದಷ್ಟೇ ಒತ್ತನ್ನು ಅವರು ಕೊಡುವುದು ಕೆಲಸದ ಹದಕ್ಕೆ. ನೋವಿರುವ ನಾವು ಒಳ್ಳೆಯ ದಿನ ಸಿಕ್ಕಿದ ಕೂಡಲೇ ಬಾಕಿ ಕೆಲಸವನ್ನೆಲ್ಲ ಎಳೆದುಕೊಳ್ಳುತ್ತೇವೆ: ಅಟ್ಟ ಗುಡಿಸು, ಹಪ್ಪಳ ಒತ್ತು, ನೆಂಟರ ಮನೆಗೆ ಹೋಗು. ಮರುದಿನ ಹಾಸಿಗೆ. ಇದರ ಬದಲು ನೋವು ಏರುವ ಮೊದಲೇ ನಿಲ್ಲಬೇಕು. ನಾನೀಗ ಅಡುಗೆಮನೆಯಲ್ಲಿ ಗಡಿಯಾರ ನೋಡಿಕೊಂಡು ಕೂರುತ್ತೇನೆ. ತರಕಾರಿ ಹೆಚ್ಚುವುದು ಮುಗಿಯದಿದ್ದರೂ ಕೂರುತ್ತೇನೆ. ನಿಲ್ಲುವ, ನಡೆಯುವ ಸಮಯವನ್ನು ವಾರದಿಂದ ವಾರಕ್ಕೆ ಚೂರುಚೂರೇ ಹೆಚ್ಚಿಸಿದ್ದೇನೆ.

ಎಷ್ಟು ನಂಬಬಹುದು?

2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳೆಯ ಸೊಂಟನೋವಿನ 342 ಮಂದಿಯಿದ್ದರು. 26 ವಾರಗಳ ಹೊತ್ತಿಗೆ ದೈನಂದಿನ ಕೆಲಸಗಳಲ್ಲಿ ಗಣನೀಯ ಸುಧಾರಣೆ ಕಂಡವರು ಎಂಬಿಎಸ್‌ಆರ್ ಗುಂಪಿನಲ್ಲಿ ಶೇ 60ರಷ್ಟು, ಎಂದಿನ ಆರೈಕೆಯ ಗುಂಪಿನಲ್ಲಿ ಶೇ 44ರಷ್ಟು. ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ ಎಂಬ ಮನೋಚಿಕಿತ್ಸೆಯ ಫಲವೂ ಸುಮಾರು ಇಷ್ಟೇ ಇತ್ತು. ಮರುವರ್ಷ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ತನ್ನ ಮಾರ್ಗಸೂಚಿಯಲ್ಲಿ, ಹಳೆಯ ಸೊಂಟನೋವಿಗೆ ಮೊದಲು ಪ್ರಯತ್ನಿಸಬೇಕಾದ ಔಷಧೇತರ ಕ್ರಮಗಳ ಸಾಲಿನಲ್ಲಿ ಎಂಬಿಎಸ್‌ಆರ್ ಅನ್ನೂ ಸೇರಿಸಿತು. ಇದು ಪವಾಡವಲ್ಲ, ಆ ಅಧ್ಯಯನದ ಎಂಬಿಎಸ್‌ಆರ್ ಗುಂಪಿನಲ್ಲೇ ನೂರರಲ್ಲಿ ನಲವತ್ತರಷ್ಟು ಮಂದಿಗೆ ಅಂಥ ಫಲ ಸಿಗಲಿಲ್ಲ. ಮೈಂಡ್‌ಫುಲ್‌ನೆಸ್ ಫಲ ಕೊಡದಿದ್ದರೆ ಅದು ರೋಗಿಯ ತಪ್ಪೂ ಅಲ್ಲ.

ಇದೇ ಬಗೆಯ ಬೌದ್ಧ ಧ್ಯಾನವನ್ನು ಕಲಿಸುವ ವಿಪಶ್ಯನ ಶಿಬಿರಕ್ಕೆ ಹೋಗಬಹುದೇ ಎಂದು ಹಲವರು ಕೇಳುತ್ತಾರೆ. ಈ ಧ್ಯಾನವನ್ನು ಭಾರತದಲ್ಲಿ ಹರಡಿದ ಎಸ್.ಎನ್. ಗೋಯೆಂಕಾ ಅವರು 1955ರಲ್ಲಿ ಬರ್ಮಾದ ಧ್ಯಾನಗುರು ಸಯಾಜಿ ಊ ಬಾ ಖಿನ್ ಬಳಿಗೆ ಮೊದಲು ಹೋದದ್ದು ತೀವ್ರ ಮೈಗ್ರೇನ್ ತಾಳಲಾರದೆ. ತಲೆನೋವು ವಾಸಿಯಾಗಲೆಂದಷ್ಟೇ ಬಂದರೆ ಕಲಿಸುವುದಿಲ್ಲ ಎಂದು ಗುರುಗಳು ಅವರನ್ನು ಮೊದಲು ಒಪ್ಪಿರಲಿಲ್ಲ. ಬೆಂಗಳೂರಿನ ಬಳಿ ಆಲೂರಿನಲ್ಲಿ ಆ ಪರಂಪರೆಯ ಕೇಂದ್ರವಿದೆ. ಆದರೆ 10 ದಿನ, ದಿನಕ್ಕೆ ಸುಮಾರು 10 ಗಂಟೆ ಕೂರುವ ಶಿಬಿರ ತೀವ್ರ ನೋವಿರುವವರ ಮೊದಲ ಹೆಜ್ಜೆಯಾಗಬಾರದು. ಮನೆಯಲ್ಲಿ ಹತ್ತು ನಿಮಿಷದಿಂದ ಆರಂಭಿಸಿ. ಮಲಗಲಾಗದಿದ್ದರೆ ಕುರ್ಚಿಯಲ್ಲಿ ಕೂತು, ಕೂರಲಾಗದಿದ್ದರೆ ನಿಂತು ಮಾಡಿ. ಹಳೆಯ ಆಘಾತದ ನೆನಪುಗಳು ಉಕ್ಕಿ ಬರುವುದಾದರೆ ಒಬ್ಬರೇ ಮುಂದುವರಿಸದೆ ಮನೋವೈದ್ಯರ ನೆರವು ಪಡೆಯಿರಿ.

ಕಾಲಿನ ಶಕ್ತಿ ಕುಂದುವುದು, ತೊಡೆಸಂದು ಮರಗಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ನೋವಿನೊಂದಿಗೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು: ಇವು ಕಂಡರೆ ಧ್ಯಾನಕ್ಕೆ ಕೂರದೆ ಕೂಡಲೇ ವೈದ್ಯರನ್ನು ಕಾಣಬೇಕು. ಮಾತ್ರೆಗಳನ್ನು ನಿಮ್ಮಷ್ಟಕ್ಕೇ ನಿಲ್ಲಿಸಬಾರದು. ನಾನೂ ಫಿಸಿಯೋಥೆರಪಿಯ ವ್ಯಾಯಾಮ ಬಿಟ್ಟಿಲ್ಲ. ಬೇಕಾದಾಗ ವೈದ್ಯರು ಹೇಳಿದ ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ.

ಕೊನೆಯದಾಗಿ ಮನೆಯವರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ವರ್ಷಗಟ್ಟಲೆ ನೋವು ಅನುಭವಿಸುತ್ತಿರುವ ಅಮ್ಮನೋ ಅತ್ತೆಯೋ ತಂದೆಯೋ ಇದ್ದರೆ, ‘ಸಹಿಸ್ಕೋ’ ಎನ್ನಬೇಡಿ. ಅದನ್ನು ಅವರು ಈಗಾಗಲೇ ಸಾಕಷ್ಟು ಮಾಡಿದ್ದಾರೆ. ಅವರು ಹೇಳುವ ನೋವನ್ನು ನಂಬಿ. ದಿನಕ್ಕೆ ಅರ್ಧ ಗಂಟೆ ಯಾರೂ ಕರೆಯದ ಒಂದು ಕೋಣೆಯನ್ನು ಅವರಿಗೆ ಬಿಟ್ಟುಕೊಡಿ, ಆ ಹೊತ್ತಿನ ಮನೆಗೆಲಸವನ್ನು ನೀವು ಮಾಡಿ.